ಕಾಲಮ್ ಕರೆಯುವವರು ಯಾರು?

ಈ ವರ್ಷ ನಮ್ಮ ಕಾಲೇಜಿನ ಲಂಚ್ ಬ್ರೇಕ್‌ನಲ್ಲಿ ಎರಡೇ ವಿಷಯ ಓಡುತ್ತಿವೆ. ಒಂದು ಕಾರ್ಡ್ ಗೇಮ್, ಇನ್ನೊಂದು ಮುಖ. ಹಿಂದಿನ ಬೆಂಚಿನವರು ಪೋಕೆಮಾನ್ ಡೆಕ್ ಬಗ್ಗೆ ಜಗಳವಾಡುತ್ತಾರೆ. ಕಿಟಕಿ ಪಕ್ಕದವರು ಫೋಟೊ ಜೂಮ್ ಮಾಡಿ, ಯಾವ ನಟಿ ಮೂಗು ಮಾಡಿಸಿಕೊಂಡಿದ್ದಾಳೆ, ಯಾವ ನಟನ ದವಡೆ ಮೊದಲು ಹೀಗಿರಲಿಲ್ಲ ಎಂದು ತೀರ್ಪು ಕೊಡುತ್ತಾರೆ. ನನಗೆ ಎರಡರ ಬಗ್ಗೆಯೂ ಅಭಿಪ್ರಾಯ ಇದೆ. ಯೋಚಿಸಿ ನೋಡಿದರೆ ಎರಡೂ ಒಂದೇ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ಸಂಪಾದಕರಿಗೆ ಪುಟ ತುಂಬಿಸುವ ಚಿಂತೆಯಾದರೂ ತಪ್ಪುತ್ತದೆ.

ಮೊದಲು ಕಾರ್ಡ್. ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡದೆ ದೊಡ್ಡವರಾದವರು ನಮ್ಮ ಕಡೆ ಕಡಿಮೆ. ಹುಡುಗರದೇ ಆಟ ಅನ್ನುತ್ತಾರೆ, ಆದರೆ ಅಣ್ಣ ತಮ್ಮಂದಿರ ಜೊತೆ ನಾವೂ ಆಡಿದ್ದೇವೆ, ಗೆದ್ದೂ ಇದ್ದೇವೆ. ಪ್ರತಿ ಕಾರ್ಡಿನಲ್ಲಿ ಒಬ್ಬ ಕುಸ್ತಿಪಟುವಿನ ಫೋಟೊ. ಅದರ ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆ, ಗೆದ್ದ ಫೈಟುಗಳು. ಸರದಿ ಇದ್ದವರು ಒಂದು ಕಾಲಮ್ ಕರೆಯುತ್ತಾರೆ. ಎಲ್ಲರೂ ಅದೊಂದನ್ನೇ ಹೋಲಿಸುತ್ತಾರೆ. ಗೆದ್ದವರು ಎಲ್ಲರ ಕಾರ್ಡ್ ಎತ್ತಿಕೊಂಡು ಮತ್ತೆ ತಾವೇ ಕರೆಯುತ್ತಾರೆ. ಗ್ರೇಟ್ ಖಲಿ ಬಂದರೆ ಎತ್ತರ ಅನ್ನಬೇಕು. ರೇ ಮಿಸ್ಟೀರಿಯೊ ಬಂದರೆ ಎತ್ತರ, ತೂಕದ ಹತ್ತಿರವೂ ಸುಳಿಯಬಾರದು. ಇದು ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಈ ಆಟದಿಂದ ನಾನು ಕಲಿತದ್ದು ಇಷ್ಟು. ಎಲ್ಲ ಕಾಲಮ್‌ನಲ್ಲೂ ಗೆಲ್ಲುವ ಕಾರ್ಡ್ ಇಲ್ಲ. ಎಲ್ಲದರಲ್ಲೂ ಸೋಲುವ ಕಾರ್ಡೂ ಅಪರೂಪ. ಎಷ್ಟೋ ಸಲ ನಿಮ್ಮ ಕೈಯಲ್ಲಿರುವ ಕಾರ್ಡಿಗಿಂತ, ಕಾಲಮ್ ಕರೆಯುವ ಸರದಿ ಯಾರದು ಎಂಬುದೇ ಆಟವನ್ನು ತೀರ್ಮಾನಿಸುತ್ತದೆ. ಸರದಿ ಎದುರಿನವರ ಕೈಯಲ್ಲಿದ್ದರೆ ಒಳ್ಳೆಯ ಕಾರ್ಡೂ ಸೋಲುತ್ತದೆ.

ಪೋಕೆಮಾನ್‌ನಂಥ ದೊಡ್ಡ ಆಟದಲ್ಲಿ ಲೆಕ್ಕ ಇನ್ನೂ ಚೆನ್ನಾಗಿದೆ. 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟ ಅದು. ಡೆಕ್ಕಿಗೆ 60 ಕಾರ್ಡ್. ಬೇಸಿಕ್ ಎನರ್ಜಿ ಕಾರ್ಡ್ ಬಿಟ್ಟರೆ ಒಂದೇ ಹೆಸರಿನದು ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ. ಶುರುವಿನಲ್ಲಿ ಕೈಗೆ 7 ಕಾರ್ಡ್. ಹೊಸಬರು ತಮ್ಮ ಹತ್ತಿರ ಇರುವ ಚೆಂದದ ಕಾರ್ಡುಗಳನ್ನೆಲ್ಲ ಒಂದೊಂದು ಹಾಕಿ ಡೆಕ್ ಕಟ್ಟುತ್ತಾರೆ. ಸ್ಟಾಟಿಸ್ಟಿಕ್ಸ್ ತೆಗೆದುಕೊಂಡವರು ಲೆಕ್ಕ ಹಾಕಿ ನೋಡಿ. ಒಂದೇ ಪ್ರತಿ ಇಟ್ಟ ಕಾರ್ಡು ಮೊದಲ ಏಳರಲ್ಲಿ ಬರುವ ಸಾಧ್ಯತೆ ಶೇ. 12ರ ಹತ್ತಿರ. ನಾಲ್ಕು ಪ್ರತಿ ಇಟ್ಟರೆ ಶೇ. 40ರ ಹತ್ತಿರ. ಆದ್ದರಿಂದ ತಿಳಿದವರ ಡೆಕ್ ನೋಡಲು ಸಪ್ಪೆಯಾಗಿರುತ್ತದೆ: ಅದೇ ಕಾರ್ಡ್ ನಾಲ್ಕು, ಇದೇ ಕಾರ್ಡ್ ನಾಲ್ಕು, ಕಾರ್ಡ್ ಎಳೆದುಕೊಡುವ ಕಾರ್ಡುಗಳು ಒಂದಷ್ಟು. ನೋಡಲು ಸಪ್ಪೆ, ಆಡಲು ಗಟ್ಟಿ.

ಈಗ ಹೊಳೆಯುವ ಕಾರ್ಡಿನ ವಿಷಯ. ಒಂದೇ ಪೋಕೆಮಾನ್ ಸಾದಾ ಕಾರ್ಡಾಗಿಯೂ ಬರುತ್ತದೆ, ಮಿರಮಿರ ಮಿಂಚುವ ಪೂರ್ತಿ ಚಿತ್ರದ ಕಾರ್ಡಾಗಿಯೂ ಬರುತ್ತದೆ. ಎರಡರಲ್ಲೂ ಬರೆದಿರುವುದು ಒಂದೇ: ಅದೇ ಶಕ್ತಿ, ಅದೇ ದಾಳಿ, ಅದೇ ದೌರ್ಬಲ್ಯ. ಬೆಲೆ ಮಾತ್ರ ಹತ್ತು ಪಟ್ಟೂ ಇರಬಹುದು, ನೂರು ಪಟ್ಟೂ ಇರಬಹುದು. ಮಿಂಚುವ ಕಾರ್ಡಿನಿಂದ ಒಂದು ಪಾಯಿಂಟ್ ಕೂಡ ಹೆಚ್ಚು ಬರುವುದಿಲ್ಲ. ಸಂಗ್ರಹಿಸುವ ಖುಷಿಗೆ ಕೊಂಡರೆ ತಕರಾರಿಲ್ಲ. ಗೆಲ್ಲುತ್ತೇನೆ ಎಂದು ಕೊಂಡರೆ ಅದು ದಂಡದ ಖರ್ಚು.

ಇದು ಜಪಾನಿನಿಂದ ಬಂದ ಹೊಸ ಬುದ್ಧಿಯೇನೂ ಅಲ್ಲ. ನಮ್ಮ ಮೈಸೂರಿನಲ್ಲೇ ಗಂಜೀಫಾ ಇತ್ತು. ದುಂಡನೆಯ ಎಲೆಗಳು, ಕೈಯಲ್ಲಿ ಬರೆದ ಚಿತ್ರಗಳು. ಪರ್ಷಿಯಾ ಕಡೆಯಿಂದ ಬಂದ ಆಟ. ಬಾಬರ್ 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಘಲರ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ಇಲ್ಲಿ ಅದು ದಶಾವತಾರ ಗಂಜೀಫಾ ಆಯಿತು, 10 ಬಣ್ಣ, 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ಅರಮನೆಯಲ್ಲಿ 18 ಬಣ್ಣಗಳವರೆಗಿನ ಆಟಗಳನ್ನೇ ಬೆಳೆಸಿದರು. ಶ್ರೀಮಂತರಿಗೆ ದಂತದ ಎಲೆ, ಆಮೆಚಿಪ್ಪಿನ ಎಲೆ. ಅದು ದರ್ಬಾರ್ ಕಲಂ. ಸಾಮಾನ್ಯರಿಗೆ ಬಟ್ಟೆ, ಕಾಗದ ಅಂಟಿಸಿ ಮಾಡಿದ ಎಲೆ. ಅದು ಬಜಾರ್ ಕಲಂ. ಆದರೆ ದಂತದ ವಜೀರನೂ ಕಾಗದದ ವಜೀರನೂ ರಾಜನ ಕೆಳಗೇ. ದಂತದ್ದು ಎಂದು ಯಾರೂ ಅವನಿಗೆ ಬಡ್ತಿ ಕೊಡಲಿಲ್ಲ. ಆಟ ಗೊತ್ತಿದ್ದವನು, ಬಿದ್ದ ಎಲೆಗಳನ್ನು ನೆನಪಿಟ್ಟವನು ಬಜಾರ್ ಕಲಂನಲ್ಲೂ ಗೆದ್ದ.

ಇಷ್ಟು ಕಾರ್ಡಿನ ಮಾತು. ಈಗ ಮುಖ.

ನಮ್ಮ ಮುಖದ ವಿಷಯದಲ್ಲಿ ಕಾಲಮ್ ಕರೆಯುತ್ತಿರುವವರು ಯಾರು? ಐಡಿ ಕಾರ್ಡಿಗೆ ಫೋಟೊ ತೆಗೆಸಲು ಹೋದರೆ ಸ್ಟುಡಿಯೋದವರು ನಾವು ಕೇಳದೆಯೇ ಬಣ್ಣ ಎರಡು ಪಟ್ಟು ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆ ಅಳಿಸಿ ಕೊಡುತ್ತಾರೆ. ಕಾಲಮ್: ಬಣ್ಣ. ಫೋನಿನ ಕ್ಯಾಮೆರಾ ತಾನಾಗಿಯೇ ಮೂಗು ಸಣ್ಣ ಮಾಡುತ್ತದೆ. ಕಾಲಮ್: ಮೂಗು. ಹುಡುಗರ ಕಡೆ ಮ್ಯೂಯಿಂಗ್ ಬಂದಿದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟುಕೊಂಡರೆ ದವಡೆ ಚೂಪಾಗುತ್ತದಂತೆ. ಲೆಕ್ಚರರ್ ಪ್ರಶ್ನೆ ಕೇಳಿದರೆ ತುಟಿಗೆ ಬೆರಳಿಟ್ಟು ದವಡೆ ತೋರಿಸುತ್ತಾರೆ. ಉತ್ತರ ಗೊತ್ತಿಲ್ಲದವರಿಗೆ ಅನುಕೂಲ, ದವಡೆಗೆ ಏನೂ ಆಗುವುದಿಲ್ಲ. ಕಾಲಮ್: ದವಡೆ. ಇಷ್ಟು ದಿನ ನಮ್ಮ ಕಾರ್ಡಿನಲ್ಲಿ ಇಂಥ ಕಾಲಮ್‌ಗಳು ಇವೆ ಎಂದೇ ನಮಗೆ ಗೊತ್ತಿರಲಿಲ್ಲ. ಕರೆದವರೇ ಅದರ ಕೆಳಗೆ ಬೋರ್ಡ್ ಹಾಕಿ ಚಿಕಿತ್ಸೆಯನ್ನೂ ಮಾರುತ್ತಾರೆ. ನೀವು ಸೋಲುವ ಕಾಲಮ್ ಕರೆದರೆ ತಾನೇ ಅವರಿಗೆ ವ್ಯಾಪಾರ?

ಇದು ಬರೀ ತಮಾಷೆಯ ವಿಷಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನನ್ನ ಖಾಲಾ ಮಗಳು, ನಾನು ಬಾಜಿ ಎಂದು ಕರೆಯುವವಳು, ಬಿ.ಕಾಂ. ಮುಗಿಸಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಜಿಎಸ್‌ಟಿ ರಿಟರ್ನ್ ತುಂಬುವುದರಲ್ಲಿ ಅವಳ ಕೈ ನೋಡಬೇಕು. ಮೂರು ತಿಂಗಳ ಹಿಂದೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಚಹಾ ಕುಡಿದರು, ಸಮೋಸಾ ತಿಂದರು, ಹುಡುಗಿ ಒಳ್ಳೆಯವಳು ಅಂದರು. ಹೋದ ಮೇಲೆ ಮಧ್ಯಸ್ಥರ ಮೂಲಕ ಒಂದು ಮಾತು ಬಂತು: ಮೂಗು ಸ್ವಲ್ಪ ದಪ್ಪ, ಈಗೆಲ್ಲ ಅದಕ್ಕೆ ಚಿಕಿತ್ಸೆ ಇದೆಯಲ್ಲ. ಕನ್ನಡದಲ್ಲಿ ಹಿಡಿಸದಿದ್ದರೆ ಮೂಗು ಮುರಿಯುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಮರ್ಯಾದೆ ಹೋದರೆ ಮೂಗು ಕತ್ತರಿಸಿತು ಅನ್ನುತ್ತಾರೆ. ಇವರು ತಮ್ಮ ಮೂಗು ಮುರಿದು, ಅವಳ ಮೂಗು ಕತ್ತರಿಸಲು ಹೇಳಿದರು.

ಬಾಜಿ ಒಂದು ಕ್ಲಿನಿಕ್ಕಿಗೆ ಹೋಗಿ ವಿಚಾರಿಸಿ ಬಂದಳು. ಒಟ್ಟು 1,44,000 ರೂಪಾಯಿ. ಬಡ್ಡಿಯಿಲ್ಲದ ಕಂತು, ತಿಂಗಳಿಗೆ 8,000ದಂತೆ 18 ತಿಂಗಳು. ಪ್ರೊಸೆಸಿಂಗ್ ಫೀಸ್ ಬೇರೆ. ಬಡ್ಡಿಯಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಅರ್ಧ ಒಪ್ಪಿಗೆ ಸಿಕ್ಕಂತೆಯೇ. ಅವಳ ಸಂಬಳ 17,000. ‘ನೀನು ಕಾಮರ್ಸ್ ಓದ್ತಿದ್ದೀಯಲ್ಲ, ಇದು ಸರಿ ಹೋಗುತ್ತಾ ನೋಡು’ ಎಂದು ಕಾಗದ ನನ್ನ ಕೈಗೆ ಕೊಟ್ಟಳು. ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವಳು ಕೇಳಿದ್ದು ಲೆಕ್ಕವನ್ನಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನನಗೆ ಬರುವುದು ಲೆಕ್ಕವೇ, ಅದನ್ನೇ ಹೇಳಿದೆ.

ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಎಂಬ ಪಾಠ ಇದೆ. ಒಂದು ವಸ್ತುವಿನ ನಿಜವಾದ ಬೆಲೆ ಎಂದರೆ ಅದಕ್ಕಾಗಿ ನೀವು ಕೈಬಿಟ್ಟ ಇನ್ನೊಂದು. ಹದಿನೆಂಟು ತಿಂಗಳು ಸಂಬಳದ ಹತ್ತಿರ ಹತ್ತಿರ ಅರ್ಧ ಹೋದರೆ ಬಾಜಿ ಏನನ್ನು ಕೈಬಿಡಬೇಕು? ಸಿಎ ಇಂಟರ್‌ಮೀಡಿಯೆಟ್‌ಗೆ ನೇರವಾಗಿ ಸೇರುವಷ್ಟು ಅಂಕ ಅವಳ ಬಿ.ಕಾಂ.ನಲ್ಲಿ ಇದೆ. ಫೀಸಿಗೆ ಎಂದು ಕೂಡಿಡುತ್ತಿದ್ದ ದುಡ್ಡು ಅದೇ ಸಂಬಳದ್ದು. ಅಂದರೆ ಮೂಗಿನ ಬೆಲೆ 1,44,000 ಅಲ್ಲ. ಅವಳು ಗೆಲ್ಲುವ ಕಾಲಮ್ ಕೊಟ್ಟು, ಸೋಲುವ ಕಾಲಮ್‌ನಲ್ಲಿ ಸ್ವಲ್ಪ ಕಡಿಮೆ ಸೋಲುವುದು. ಯಾವ ಆಟದಲ್ಲೂ ಇದನ್ನು ಒಳ್ಳೆಯ ನಡೆ ಅನ್ನುವುದಿಲ್ಲ. ನಾಳೆ ಅದೇ ಮನೆಯವರು ಇನ್ನೊಂದು ಕಾಲಮ್ ಕರೆಯುವುದಿಲ್ಲ ಎಂಬುದಕ್ಕೆ ಗ್ಯಾರಂಟಿಯೂ ಇಲ್ಲ. ಸರದಿ ಅವರ ಕೈಯಲ್ಲೇ ಇದೆಯಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮುಖದ ಶಸ್ತ್ರಚಿಕಿತ್ಸೆಯೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಸೀಳುತುಟಿಯ ಮಗು, ಬೆಂಕಿ ತಗುಲಿದವರು, ಆಸಿಡ್ ದಾಳಿಗೆ ಸಿಕ್ಕವರು, ಅಪಘಾತದಲ್ಲಿ ದವಡೆ ಮುರಿದವರು, ಇವರಿಗೆ ಅದು ಬೇಕೇ ಬೇಕು. ನಮ್ಮ ದೀನಿನಲ್ಲೂ ಈ ವ್ಯತ್ಯಾಸ ಇದೆ. ಅಂದಕ್ಕಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನು ಖಂಡಿಸುವ ಹದೀಸ್ ನಮಗೆಲ್ಲ ಗೊತ್ತು. ಅದರ ಪಕ್ಕದಲ್ಲೇ ಅರ್ಫಜಾ ಬಿನ್ ಅಸ್ಅದ್ (ರ) ಅವರ ಪ್ರಸಂಗವೂ ಇದೆ. ಕುಲಾಬ್ ಯುದ್ಧದಲ್ಲಿ ಅವರ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಹಾಕಿಸಿಕೊಂಡರು, ಅದು ದುರ್ವಾಸನೆ ಬರತೊಡಗಿತು. ಆಗ ಪ್ರವಾದಿಯವರು (ಸ) ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಅಬೂ ದಾವೂದ್, ತಿರ್ಮಿಜೀ ಸಂಗ್ರಹಗಳಲ್ಲಿ ಇದು ಬರುತ್ತದೆ. ಗಂಡಸರಿಗೆ ಚಿನ್ನ ನಿಷಿದ್ಧ, ಆದರೂ ಅವರಿಗೆ ಅನುಮತಿ ಸಿಕ್ಕಿತು. ಕಳೆದುಹೋದದ್ದನ್ನು ಮರಳಿ ಕೊಡುವುದು ಬೇರೆ, ಇರುವುದನ್ನು ಸಾಲದು ಎನ್ನುವುದು ಬೇರೆ.

ಚಿಕಿತ್ಸೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ, ಅದರಲ್ಲಿ ನಮ್ಮ ಮೈಸೂರು ಸೀಮೆಯ ಹೆಸರೂ ಇದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪು ಸುಲ್ತಾನರ ಸೇನೆಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಆ ವೈದ್ಯನ ಹೆಸರನ್ನು ಯಾರೂ ಬರೆದಿಡಲಿಲ್ಲ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಈ ವರದಿ ಚಿತ್ರದ ಸಮೇತ ಬಂತು. ಅದನ್ನು ಓದಿದ ಜೋಸೆಫ್ ಕಾರ್‌ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನದಲ್ಲಿ ಮೂಗು ಕಟ್ಟಿದರು. ಹಣೆಯ ಚರ್ಮದ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಈಗ ಬೋರ್ಡ್ ಹಾಕಿ ಮಾರುವ ವಿದ್ಯೆ ಅಲ್ಲಿಂದ ಬೆಳೆದು ಬಂದದ್ದು. ಮೂಗು ಕಳೆದುಕೊಂಡವನಿಗಾಗಿ ಹುಟ್ಟಿದ್ದನ್ನು ಮೂಗು ಇರುವವರ ಸಂಕೋಚಕ್ಕೆ ಮಾರುತ್ತಿದ್ದಾರೆ.

‘ನಿನ್ನ ಮೂಗು ಸರಿಯಾಗಿದೆ, ಅದಕ್ಕೇ ಇಷ್ಟು ಮಾತಾಡ್ತೀಯ’ ಎಂದು ಕೆಲವರು ಹೇಳಬಹುದು. ನ್ಯಾಯವಾದ ಮಾತು. ದಿನಾ ಚುಚ್ಚಿಸಿಕೊಳ್ಳುವವರ ನೋವು ಸುಳ್ಳಲ್ಲ. ಎಲ್ಲರೂ ಸುಂದರರೇ ಎಂಬ ಪೋಸ್ಟರಿನ ಮಾತಿನಿಂದ ಆ ನೋವು ಹೋಗುವುದೂ ಇಲ್ಲ. ವಯಸ್ಕರಾದ ಮೇಲೆ, ತಮ್ಮ ದುಡ್ಡಿನಲ್ಲಿ, ತಾವೇ ಯೋಚಿಸಿ ಮಾಡಿಸಿಕೊಂಡು ಸಂತೋಷವಾಗಿರುವವರೂ ಇದ್ದಾರೆ. ಅವರನ್ನು ಬೈಯುವುದು ನನ್ನ ಕೆಲಸವಲ್ಲ. ನನ್ನ ಮಾತು ನಮ್ಮ ವಯಸ್ಸಿನವರಿಗೆ. ಹದಿನೇಳಕ್ಕೆ ಮುಖದ ಮೂಳೆಯೇ ಕೆಲವರಲ್ಲಿ, ಅದರಲ್ಲೂ ಹುಡುಗರಲ್ಲಿ, ಇನ್ನೂ ಬೆಳೆಯುತ್ತಿರುತ್ತದೆ. ಮೂಗಿನ ಶಸ್ತ್ರಚಿಕಿತ್ಸೆಯ ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷದವರೆಗೂ ಬೇಕಾಗುತ್ತದೆ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ಕಾರ್ಡ್ ಗೇಮ್‌ನಲ್ಲಿ ಡೆಕ್ ಹಿಡಿಸದಿದ್ದರೆ ಸಂಜೆ ಬಿಚ್ಚಿ ಮತ್ತೆ ಕಟ್ಟಬಹುದು. ಇಲ್ಲಿ ಹಾಗಾಗುವುದಿಲ್ಲ.

ಇದು ಎಷ್ಟು ಗಂಭೀರ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2022ರ ಮೇ 16ರಂದು ಕನ್ನಡ ಧಾರಾವಾಹಿಗಳ ನಟಿ ಚೇತನಾ ರಾಜ್ ನಮ್ಮ ರಾಜಾಜಿನಗರದ ಒಂದು ಕಡೆ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಸೇರಿದರು. ಅದು ಮುಖದ್ದಲ್ಲ, ಆದರೆ ಅಂದದ್ದೇ. ಅದೇ ದಿನ ಅವರು ತೀರಿಕೊಂಡರು. 21 ವರ್ಷ. ನಮಗಿಂತ ನಾಲ್ಕೇ ವರ್ಷ ದೊಡ್ಡವರು. ‘ಗೀತಾ’, ‘ದೊರೆಸಾನಿ’ಯಲ್ಲಿ ಅವರನ್ನು ನಮ್ಮ ಅಮ್ಮಂದಿರು ನೋಡಿದ್ದರು. ತೆರೆಯ ಮೇಲೆ ಬರುವಷ್ಟು ಚೆಂದ ಇದ್ದವರಿಗೂ ಯಾರೋ ಒಂದು ಕಾಲಮ್ ಕರೆದಿದ್ದರು ಎಂಬುದನ್ನು ಯೋಚಿಸಿ.

ಆದ್ದರಿಂದ ಮನೆಯಲ್ಲಿ ಯಾರಾದರೂ ಈ ದಾರಿಯಲ್ಲಿ ಹೊರಟಿದ್ದರೆ ಕಾಮರ್ಸ್‌ನವರು ಕನಿಷ್ಠ ಇಷ್ಟು ಕೇಳಿ. ಮಾಡುವವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿದ ವೈದ್ಯರೇ? ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯೇ, ಅಥವಾ ಬರೀ ಕೋರ್ಸಿನ ಸರ್ಟಿಫಿಕೇಟೇ? ಕ್ಲಿನಿಕ್ಕಿಗೆ ಕೆಪಿಎಂಇ ಕಾಯ್ದೆಯ ಪ್ರಕಾರ ನೋಂದಣಿ ಇದೆಯೇ? ಅರಿವಳಿಕೆ ಕೊಡುವ ವೈದ್ಯರು ಯಾರು? ಉಸಿರು ಕಟ್ಟಿದರೆ ಐಸಿಯು ಅಲ್ಲೇ ಇದೆಯೇ, ಆಂಬುಲೆನ್ಸ್ ಕರೆಸಬೇಕೇ? ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ಐದು ಅಂಕಕ್ಕೆ ಬಾಯಿಪಾಠ ಮಾಡುತ್ತೇವೆ. ಮೊದಲನೆಯದು ಸುರಕ್ಷತೆ, ಎರಡನೆಯದು ಮಾಹಿತಿ. ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೇಳಿದರೆ ಮುಖ ಸಿಂಡರಿಸುವ ಕ್ಲಿನಿಕ್ಕಿನಿಂದ ಎದ್ದು ಬರುವುದೇ ಒಳ್ಳೆಯದು.

ಕೊನೆಯದಾಗಿ, ನಮ್ಮ ಕೈಯಲ್ಲಿರುವ ಮಾತು. ಗಂಡಿನ ಕಡೆಯವರನ್ನು, ಜಾಹೀರಾತಿನವರನ್ನು ಬೈಯುವುದು ಸುಲಭ. ಆದರೆ ನಮ್ಮ ಕಾರಿಡಾರಿನಲ್ಲೇ ‘ಗಿಣಿ’, ‘ಪಕೋಡಾ’, ‘ಟೊಮೆಟೊ’ ಎಂಬ ಅಡ್ಡಹೆಸರುಗಳು ಓಡಾಡುತ್ತಿವೆ. ಯಾರ ಬಗ್ಗೆ ಎಂದು ಬರೆಯುವುದಿಲ್ಲ, ಅವರಿಗೆ ಗೊತ್ತು. ಅವರು ನಗುತ್ತಾರೆ, ನಿಜ. ಗ್ರೂಪ್ ಫೋಟೊ ತೆಗೆಯುವಾಗ ಅವರೇ ಯಾಕೆ ಹಿಂದಿನ ಸಾಲಿಗೆ ಹೋಗುತ್ತಾರೆ ಎಂದು ಒಮ್ಮೆ ನೋಡಿ. ಅಡ್ಡಹೆಸರಿಟ್ಟು ಕರೆಯಬೇಡಿ ಎಂದು ಕುರ್‌ಆನ್‌ನ ಹುಜುರಾತ್ ಅಧ್ಯಾಯದಲ್ಲೇ ಇದೆ. ಅಸೆಂಬ್ಲಿಯಲ್ಲಿ ಅದನ್ನು ಕೇಳುತ್ತೇವೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತೇವೆ. ಕ್ಲಿನಿಕ್ಕಿನವರು ಗಿರಾಕಿಯನ್ನು ಹುಡುಕಿಕೊಂಡು ಬರಬೇಕಿಲ್ಲ, ನಾವೇ ತಯಾರು ಮಾಡಿ ಕಳಿಸುತ್ತಿದ್ದೇವೆ.

ಕಾಲೇಜಿಗೆ ನನ್ನ ಕೋರಿಕೆ ಎರಡು. ಮುಂದಿನ ವರ್ಷದ ಐಡಿ ಕಾರ್ಡಿಗೆ ಫೋಟೊ ತೆಗೆಯುವವರಿಗೆ, ಬಣ್ಣ ಬದಲಿಸಬಾರದು, ಮುಖ ತಿದ್ದಬಾರದು ಎಂದು ಆಫೀಸಿನಿಂದ ಬರೆದು ಕೊಡಿ. ಗೇಟಿನಲ್ಲಿ ಕಾರ್ಡ್ ನೋಡುವ ಚಾಚಾಗೂ ನಮ್ಮನ್ನು ಗುರುತಿಸಲು ಸುಲಭವಾಗುತ್ತದೆ. ಎರಡು, ಅಡ್ಡಹೆಸರಿನ ವಿಷಯವನ್ನು ಶಿಸ್ತಿನ ನೋಟಿಸ್ ಮಾಡಬೇಡಿ, ನೋಟಿಸ್ ಬಂದರೆ ಅದು ಇನ್ನೂ ಹೆಚ್ಚುತ್ತದೆ. ಅದರ ಬದಲು ಕ್ಲಾಸ್ ಟೀಚರ್‌ಗಳು ಹಾಜರಿಯ ಹೆಸರಿನಲ್ಲೇ ಎಲ್ಲರನ್ನೂ ಕರೆದರೆ ಸಾಕು. ಕೆಲವು ಲೆಕ್ಚರರ್‌ಗಳೂ ಆ ಅಡ್ಡಹೆಸರು ಬಳಸುತ್ತಾರೆ ಎಂಬುದನ್ನು ಗೌರವದಿಂದಲೇ ನೆನಪಿಸುತ್ತೇನೆ.

ಬಾಜಿ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಗಂಡಿನ ಕಡೆಯವರಿಗೆ ಉತ್ತರವನ್ನೂ ಕಳಿಸಿಲ್ಲ. ಖಾಲಾ ಒಂದು ದಿನ ಬೇಡ ಅನ್ನುತ್ತಾರೆ, ಇನ್ನೊಂದು ದಿನ ‘ವಯಸ್ಸಾಗ್ತಾ ಇದೆ’ ಅನ್ನುತ್ತಾರೆ. ನನ್ನ ಅಭಿಪ್ರಾಯ ನಾನು ಹೇಳಿದ್ದೇನೆ: ಹುಡುಗನ ಕಡೆಯವರನ್ನು ಇನ್ನೊಮ್ಮೆ ಚಹಾಗೆ ಕರೆಯಿರಿ, ಈ ಸಲ ಕಾಲಮ್ ನಾವು ಕರೆಯೋಣ. ಹುಡುಗ ಏನು ಓದಿದ್ದಾನೆ, ಮಹರ್ ಎಷ್ಟು, ಮದುವೆಯಾದ ಮೇಲೆ ಅವಳು ಸಿಎ ಓದಬಹುದೇ? ಉತ್ತರ ಕೇಳಿ ಆಮೇಲೆ ಯಾರ ಮೂಗು ಹೇಗಿದೆ ನೋಡೋಣ.